ಯೀಸ್ಟ್ ತೊಂದರೆಗೆ ಚೀನೀ ಅಣಬೆ ಕಷಾಯ: ಕುದಿಸುವ ಕ್ರಮ ತಿಳಿದಿರಲಿ

ಯೀಸ್ಟ್ ಎಂಬ ಶಿಲೀಂಧ್ರದ ಸೋಂಕಿಗೆಂದು ಲಿಂಗ್‌ಝಿ ಎಂಬ ಚೀನೀ ಅಣಬೆಯ ಚೂರುಗಳನ್ನು ದುಬಾರಿ ಬೆಲೆ ಕೊಟ್ಟು ತಂದು, ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು ಚಹಾದಂತೆ ಕುಡಿಯುವವರನ್ನು ಬಹಳ ನೋಡಿದ್ದೇನೆ. ಆ ಅಣಬೆ ಕಟ್ಟಿಗೆಯಷ್ಟು ಗಟ್ಟಿ. ಐದು ನಿಮಿಷದಲ್ಲಿ ಅದು ನೀರಿಗೆ ಒಂದಿಷ್ಟು ಬಣ್ಣ ಬಿಟ್ಟರೆ ಹೆಚ್ಚು. ಇನ್ನು ಕೆಲವರು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಪಕ್ಕಕ್ಕಿಟ್ಟು ಇದನ್ನೇ ನೆಚ್ಚಿಕೊಳ್ಳುತ್ತಾರೆ. ಅದು ಇನ್ನೂ ದೊಡ್ಡ ತಪ್ಪು.

ಹಾಗಾಗಿ ಮೊದಲ ಹೆಜ್ಜೆ ವೈದ್ಯರ ಬಳಿಗೆ. ಬಿಳಿ ಸೆರಗು, ತುರಿಕೆ, ಉರಿ ಕಂಡಕೂಡಲೇ ಯೀಸ್ಟ್ ಎಂದು ನೀವೇ ತೀರ್ಮಾನಿಸಬೇಡಿ. ಬ್ಯಾಕ್ಟೀರಿಯಾದಿಂದಲೂ ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದಲೂ ಇಂಥದೇ ಲಕ್ಷಣಗಳು ಬರುತ್ತವೆ, ಅವುಗಳ ಔಷಧವೇ ಬೇರೆ. ಸ್ವಾಬ್ ಪರೀಕ್ಷೆ ಮಾಡಿಸಿ, ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಿ. ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಯೀಸ್ಟ್ ಆರೋಗ್ಯವಂತರ ಬಾಯಿ, ಕರುಳು, ಯೋನಿಯಲ್ಲಿಯೂ ತನ್ನ ಪಾಡಿಗೆ ಇರುತ್ತದೆ. ಆ್ಯಂಟಿಬಯಾಟಿಕ್, ಸ್ಟಿರಾಯ್ಡ್, ಮಧುಮೇಹ, ಗರ್ಭಾವಸ್ಥೆ ಇಂಥ ಕಾರಣಗಳಿಂದ ಹತೋಟಿ ತಪ್ಪಿದಾಗ ಕಾಟ ಕೊಡುತ್ತದೆ. ಸಾಮಾನ್ಯ ಸೋಂಕನ್ನು ಕ್ಲೋಟ್ರಿಮಜೋಲ್, ಫ್ಲುಕೊನಜೋಲ್‌ನಂಥ ಔಷಧಗಳು ಕೆಲವೇ ದಿನಗಳಲ್ಲಿ ತಹಬಂದಿಗೆ ತರುತ್ತವೆ. ಅಣಬೆ ಕಷಾಯವೊಂದೇ ಈ ಸೋಂಕನ್ನು ಗುಣಪಡಿಸುತ್ತದೆ ಎನ್ನಲು ಮನುಷ್ಯರ ಮೇಲೆ ನಡೆದ ಗಟ್ಟಿ ಪ್ರಯೋಗಗಳ ಆಧಾರವಿಲ್ಲ. ಚಿಕಿತ್ಸೆಯ ಜೊತೆಗೆ, ವೈದ್ಯರಿಗೆ ತಿಳಿಸಿ ತೆಗೆದುಕೊಳ್ಳುವ ಪೂರಕವಾಗಿಯೇ ಇದನ್ನು ನೋಡಬೇಕು.

ಚೀನೀ ವೈದ್ಯರು ಇಲ್ಲಿ ಅಣಬೆಯನ್ನು ಬಳಸುವುದು ಯೀಸ್ಟನ್ನು ಕೊಲ್ಲಲೆಂದೇನೂ ಅಲ್ಲ. ಅವರ ಹಳೆಯ ಶಾಸ್ತ್ರದ ಪ್ರಕಾರ ಈ ಲಕ್ಷಣಗಳು ದೇಹದಲ್ಲಿ ತಂಗಿದ ತೇವದಿಂದ ಹುಟ್ಟುತ್ತವೆ. 17ನೇ ಶತಮಾನದ ವೈದ್ಯ ಫೂ ಶಾನ್ ಹೆಸರಿನಲ್ಲಿರುವ ಸ್ತ್ರೀರೋಗ ಗ್ರಂಥ ಆರಂಭವಾಗುವುದೇ ಸೆರಗು ಹೋಗುವುದೆಲ್ಲ ತೇವದ ರೋಗ ಎಂಬ ಮಾತಿನಿಂದ. ಆ ತೇವವನ್ನು ಮೂತ್ರದ ದಾರಿಯಲ್ಲಿ ಇಳಿಸಲು ಫೂಲಿಂಗ್, ಜೂಲಿಂಗ್ ಎಂಬೆರಡು ಅಣಬೆಗಳು. ಸುಮಾರು 1,800 ವರ್ಷಗಳ ಹಿಂದೆ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯ ಕೊಟ್ಟ ‘ವೂಲಿಂಗ್ ಸಾನ್’ ಔಷಧಯೋಗದಲ್ಲಿ ಇವೆರಡೂ ಇವೆ. ಪದೇ ಪದೇ ಸೋಂಕಾಗಿ ಬಸವಳಿದವರಿಗೆ ಬಲ ತುಂಬಲು ಈಗಿನ ವೈದ್ಯರು ಲಿಂಗ್‌ಝಿ ಸೇರಿಸುವುದುಂಟು. ಆಧುನಿಕ ವಿಜ್ಞಾನದ ಕುತೂಹಲ ಇರುವುದು ಅಣಬೆಯ ಕೋಶಭಿತ್ತಿಯ ಬೀಟಾ ಗ್ಲೂಕನ್ ಎಂಬ ಪಾಲಿಸ್ಯಾಕರೈಡ್ (ಸಕ್ಕರೆಯ ಕಣಗಳ ಉದ್ದ ಸರಪಳಿ) ಮೇಲೆ. ನಮ್ಮ ರೋಗನಿರೋಧಕ ಕೋಶಗಳ ‘ಡೆಕ್ಟಿನ್-1’ ಎಂಬ ಗ್ರಾಹಕ ಈ ವಸ್ತುವನ್ನು ಗುರುತಿಸುತ್ತದೆ. ಕ್ಯಾಂಡಿಡಾ ಯೀಸ್ಟಿನ ಭಿತ್ತಿಯಲ್ಲಿಯೂ ಇದೇ ವಸ್ತು ಇದೆ. ಅಣಬೆ ತಿಂದರೆ ಮೈಯೊಳಗಿನ ಯೀಸ್ಟ್ ಕೊಬ್ಬುತ್ತದೆ ಎಂಬ ಭಯ ಕೆಲವರಲ್ಲಿದೆ, ಅದಕ್ಕೆ ಆಧಾರವಿಲ್ಲ.

ಕೊಳ್ಳುವಾಗ ಇಡಿಯ ಅಣಬೆಯ ಒಣ ಚೂರುಗಳನ್ನೇ ಕೊಳ್ಳಿ. ಪುಡಿ, ಕ್ಯಾಪ್ಸೂಲ್ ನನಗೆ ಒಪ್ಪಿಗೆಯಿಲ್ಲ, ಒಳಗೇನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅಕ್ಕಿ ಅಥವಾ ಓಟ್ಸ್ ಮೇಲೆ ಅಣಬೆಯ ಎಳೆಗಳನ್ನು ಬೆಳೆಸಿ, ಧಾನ್ಯದ ಸಮೇತ ಬೀಸಿ ಮಾರುವ ಪುಡಿಗಳಲ್ಲಿ ಪಿಷ್ಟವೇ ತುಂಬಿರುತ್ತದೆ. ಡಬ್ಬಿಯ ಮೇಲಿನ ‘ಪಾಲಿಸ್ಯಾಕರೈಡ್’ ಶೇಕಡಾವಾರಿಗೆ ಮರುಳಾಗಬೇಡಿ, ಆ ಲೆಕ್ಕದಲ್ಲಿ ಪಿಷ್ಟವೂ ಸೇರುತ್ತದೆ. ಬೀಟಾ ಗ್ಲೂಕನ್ ಎಷ್ಟೆಂದು ಪ್ರತ್ಯೇಕವಾಗಿ ಬರೆದಿದೆಯೇ ನೋಡಿ. ಗ್ಯಾನೋಡರ್ಮಾ (ಲಿಂಗ್‌ಝಿಯ ಕುಲದ ವೈಜ್ಞಾನಿಕ ಹೆಸರು) ಕಾಫಿಯ ಪೊಟ್ಟಣವನ್ನಂತೂ ಈ ಕೆಲಸಕ್ಕೆ ಮುಟ್ಟಲೇಬೇಡಿ.

ಫೂಲಿಂಗ್ ಪೈನ್ ಮರದ ಬೇರಿನಲ್ಲಿ, ನೆಲದೊಳಗೆ ಗೆಡ್ಡೆಯಂತೆ ಬೆಳೆಯುತ್ತದೆ. ಚೀನಾದ ಯುನ್ನಾನ್ ಪ್ರಾಂತ್ಯದ್ದಕ್ಕೆ ಹೆಸರು ಹೆಚ್ಚು. ಒಳಭಾಗ ಬೆಳ್ಳಗಿರುವುದರಿಂದ ಹಿಟ್ಟನ್ನು ಒತ್ತಿ ಮಾಡಿದ ನಕಲಿ ಮಾಲೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಒಂದು ಚೂರನ್ನು ಜಗಿದು ನೋಡಿ: ಅಸಲಿ ಫೂಲಿಂಗ್‌ಗೆ ರುಚಿ ಇಲ್ಲವೆನ್ನುವಷ್ಟು ಸಪ್ಪೆ, ಹಲ್ಲಿಗೆ ಅಂಟುತ್ತದೆ. ಅದರ ಮೇಲೆ ಒಂದು ತೊಟ್ಟು ಅಯೋಡಿನ್ ಬಿಟ್ಟರೆ ಇನ್ನೂ ಖಚಿತ. ಕಡುನೀಲಿಗೆ ತಿರುಗಿದರೆ ಅದು ಪಿಷ್ಟ, ಎಸೆದುಬಿಡಿ. ಜೂಲಿಂಗ್‌ಗೆ ಕಪ್ಪು ಸಿಪ್ಪೆ, ತಿಳಿ ಬಣ್ಣದ ತಿರುಳು. ಲಿಂಗ್‌ಝಿ ಕೆಂಪು ಮಿಶ್ರಿತ ಕಂದು, ಮೇಲ್ಭಾಗಕ್ಕೆ ವಾರ್ನಿಷ್ ಬಳಿದಂಥ ಹೊಳಪು.

ನಮ್ಮ ತೋಟಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅಡಿಕೆ, ತೆಂಗಿನ ಬುಡ ಕೊಳೆಯಿಸುವ ಅಣಬೆ ರೋಗವೂ ಗ್ಯಾನೋಡರ್ಮಾ ಕುಲದ ಶಿಲೀಂಧ್ರದಿಂದಲೇ ಬರುತ್ತದೆ. ಹಾಗೆಂದು ತೋಟದ ಮರದ ಬುಡದಿಂದ ಅಣಬೆ ಕಿತ್ತು ಕಷಾಯ ಮಾಡಬೇಡಿ. ಜಾತಿ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು, ಮರಕ್ಕೆ ಕೊಟ್ಟ ರಾಸಾಯನಿಕವೂ ಅದರಲ್ಲಿರಬಹುದು.

ಚೀನೀ ಪದ್ಧತಿಯಲ್ಲಿ ವಯಸ್ಕರಿಗೆ ರೂಢಿಯಲ್ಲಿರುವ ದಿನದ ಪ್ರಮಾಣ ಫೂಲಿಂಗ್ 10ರಿಂದ 15 ಗ್ರಾಂ, ಜೂಲಿಂಗ್ 6ರಿಂದ 12, ಲಿಂಗ್‌ಝಿ 6ರಿಂದ 12. ನಿಮಗೆ ಎಷ್ಟು, ಜೊತೆಗೆ ಇನ್ನೇನು ಬೇಕು ಎಂಬುದನ್ನು ಕಲಿತ ಚೀನೀ ವೈದ್ಯರೇ ಹೇಳಬೇಕು. ಉರಿ, ಹಳದಿ ಸ್ರಾವ, ದುರ್ವಾಸನೆ ಇದ್ದರೆ ಅವರು ಹುವಾಂಗ್‌ಬೈ ಎಂಬ ಕಹಿ ತೊಗಟೆಯನ್ನು ಸೇರಿಸುತ್ತಾರೆ. ಬಾಯಿ, ಚರ್ಮ ಒಣಗಿದವರಿಗೆ ತೇವ ಇಳಿಸುವ ಅಣಬೆಯನ್ನು ಕಡಿಮೆ ಮಾಡುತ್ತಾರೆ. ಚೂರುಗಳನ್ನು ತಕ್ಕಡಿಯಲ್ಲಿ ತೂಗಿ, ಹಿಡಿಯಳತೆ ಬೇಡ.

ಇನ್ನು ಕುದಿಸುವುದು. ಎಡವುವುದೆಲ್ಲ ಇಲ್ಲಿಯೇ.

ಪಾತ್ರೆ ಮಣ್ಣಿನದಾದರೆ ಉತ್ತಮ. ಗಾಜು, ಎನಾಮಲ್, ಸ್ಟೀಲ್ ಆದರೂ ನಡೆಯುತ್ತದೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬೇಡ. ಲಿಂಗ್‌ಝಿಯನ್ನು ಒಂದು ಪಾತ್ರೆಯಲ್ಲಿ, ಫೂಲಿಂಗ್ ಮತ್ತು ಜೂಲಿಂಗ್‌ಗಳನ್ನು ಇನ್ನೊಂದರಲ್ಲಿ ತಣ್ಣೀರಿಗೆ ಹಾಕಿ ಒಂದು ಗಂಟೆ ನೆನೆಸಿ. ಬಿಸಿನೀರಿನಲ್ಲಿ ನೆನೆಸಿದರೆ ಹೊರಪದರ ಬಿಗಿದುಕೊಂಡು ಒಳಗೆ ನೀರು ಇಳಿಯುವುದಿಲ್ಲ ಎಂಬುದು ಚೀನೀ ಮನೆಗಳ ಅನುಭವ. ಫೂಲಿಂಗ್ ದಪ್ಪ ತುಂಡುಗಳಾಗಿ ಸಿಕ್ಕಿದ್ದರೆ ನೆನೆಹಾಕುವ ಮುನ್ನವೇ ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು. ದಪ್ಪ ತುಂಡನ್ನು ಕುದಿಸಿದ ಮೇಲೆ ಒಡೆದು ನೋಡಿ, ನಡುಭಾಗ ಸುಣ್ಣದಂತೆ ಒಣಗಿಯೇ ಇರುತ್ತದೆ.

ಮೊದಲು ಲಿಂಗ್‌ಝಿಯೊಂದನ್ನೇ, ನೆನೆಸಿದ ನೀರೂ ಸೇರಿ ಒಟ್ಟು ಒಂದೂಕಾಲು ಲೀಟರ್ ನೀರಿನಲ್ಲಿ ಒಲೆಗಿಡಿ. ಕುದಿ ಬರುವವರೆಗೆ ಉರಿ ಜೋರು, ಆಮೇಲೆ ಸಣ್ಣದು. ಮುಚ್ಚಳ ಹಾಕಿ ಒಂದು ಗಂಟೆ ಬೇಯಲಿ, ನೀರು ಮೆಲ್ಲಗೆ ಕುದಿಯುತ್ತಿದ್ದರೆ ಸಾಕು. ಬೀಟಾ ಗ್ಲೂಕನ್ ಅಣಬೆಯ ಭಿತ್ತಿಯಲ್ಲಿ ಕೈಟಿನ್ ಜೊತೆ ಹೆಣೆದುಕೊಂಡಿರುತ್ತದೆ. ಏಡಿಯ ಚಿಪ್ಪನ್ನು ಗಟ್ಟಿಗೊಳಿಸುವುದೂ ಇದೇ ಕೈಟಿನ್. ಆ ಹೆಣಿಗೆ ಸಡಿಲವಾಗಲು ಶಾಖವೂ ಬೇಕು, ಹೊತ್ತೂ ಬೇಕು. ಒಂದು ಗಂಟೆಯ ಬಳಿಕ ಉಳಿದೆರಡನ್ನು ನೆನೆಸಿದ ನೀರಿನ ಸಮೇತ ಸೇರಿಸಿ ಮತ್ತೆ ನಲವತ್ತು ನಿಮಿಷ ಕುದಿಸಿ, ಸುಮಾರು 300 ಮಿಲಿಲೀಟರಿಗೆ ಇಳಿಸಿ. ನಡುವೆ ನೀರು ಕಡಿಮೆಯಾದರೆ ಬಿಸಿನೀರನ್ನೇ ಹಾಕಿ. ತಳ ಹಿಡಿದರೆ ಮತ್ತೆ ನೀರು ಸುರಿದು ಉಳಿಸಲು ಹೋಗಬೇಡಿ, ಚೆಲ್ಲಿಬಿಡಿ.

ಬಸಿದ ಮೇಲೆ ಚರಟವನ್ನು ಎಸೆಯಬಾರದು. ಅದಕ್ಕೆ ಮತ್ತೆ ಅರ್ಧ ಲೀಟರಿಗೂ ತುಸು ಹೆಚ್ಚು ಬಿಸಿನೀರು ಹಾಕಿ ಅರ್ಧ ಗಂಟೆ ಕುದಿಸಿ 200 ಮಿಲಿಲೀಟರಿಗೆ ಇಳಿಸಿ. ಮೊದಲ ಸಲದ ಕಷಾಯ ಗಾಢ, ಎರಡನೆಯದು ತೆಳು. ಎರಡನ್ನೂ ಬೆರೆಸಿ ಅರ್ಧರ್ಧ ಮಾಡಿದರೆ ಬೆಳಗ್ಗೆಯ, ಸಂಜೆಯ ಪ್ರಮಾಣ ಸಮನಾಗುತ್ತದೆ. ಫೂಲಿಂಗ್‌ನ ಪುಡಿಯಿಂದ ಕಷಾಯ ಮಬ್ಬಾಗಿರುತ್ತದೆ, ತೆಳು ಬಟ್ಟೆಯಲ್ಲಿ ಸೋಸಿ. ಲಿಂಗ್‌ಝಿ ಸರಿಯಾಗಿ ಬೆಂದಿದ್ದರೆ ಕಷಾಯ ಕಹಿಯಾಗಿರಬೇಕು. ಕಹಿಯೇ ಇಲ್ಲದಿದ್ದರೆ ಮಾಲನ್ನು ಅನುಮಾನಿಸಿ.

ಇಷ್ಟು ಹೊತ್ತು ಒಲೆಯ ಮುಂದೆ ನಿಲ್ಲಲಾಗದವರಿಗೆ ಒಪ್ಪಬಹುದಾದ ಅಡ್ಡದಾರಿ ಒಂದಿದೆ. ಚೀನಾದ ಆಸ್ಪತ್ರೆ, ಔಷಧ ಅಂಗಡಿಗಳು ಯಂತ್ರದಲ್ಲಿ ಕಷಾಯ ಮಾಡಿ ಪೊಟ್ಟಣಗಳಲ್ಲಿ ಮುಚ್ಚಿ ಕೊಡುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರು ಆ ಸೌಲಭ್ಯವನ್ನು ಕೇಳಿ ಪಡೆಯಿರಿ.

ಊಟದ ನಂತರ ಬೆಚ್ಚಗೆ ಕುಡಿಯಿರಿ. ಬೆಲ್ಲ, ಜೇನುತುಪ್ಪ ಬೇಡ. ಸಿಹಿ ಮತ್ತು ಕರಿದ ತಿಂಡಿ ತೇವ ಹೆಚ್ಚಿಸುತ್ತವೆ ಎಂದು ಚೀನೀ ವೈದ್ಯರೂ ಪಥ್ಯ ಹೇಳುತ್ತಾರೆ. ಬೀಜಿಂಗಿನಲ್ಲಿ ಫೂಲಿಂಗ್ ಹೆಸರಿನ ತೆಳು ರೊಟ್ಟಿಗಳು ಸಿಗುತ್ತವೆ, ಜೇನು ಮತ್ತು ಬೀಜಗಳ ಹೂರಣ ತುಂಬಿದ ಆ ಸಿಹಿತಿಂಡಿಯನ್ನು ಔಷಧವೆಂದು ತಿನ್ನಬೇಡಿ. ಬೆಳ್ಳಗಿನ ಯಿನ್‌ಅರ್ ಅಣಬೆಯನ್ನೂ ಇದಕ್ಕೆ ಸೇರಿಸಬೇಡಿ. ಅದು ಒಣಗಿದ ದೇಹಕ್ಕೆ ತೇವ ತುಂಬುವ ಅಣಬೆ, ಇಲ್ಲಿ ಬೇಕಿರುವುದು ಅದರ ವಿರುದ್ಧ ಕೆಲಸ.

ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಅಂಗ ಕಸಿ ಮಾಡಿಸಿಕೊಂಡವರು, ಗರ್ಭಿಣಿಯರು, ಹಾಲುಣಿಸುವವರು ಲಿಂಗ್‌ಝಿ ತೆಗೆದುಕೊಳ್ಳಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಲಿಂಗ್‌ಝಿ ಪುಡಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ, ಫ್ಲುಕೊನಜೋಲ್ ಕೂಡ ಯಕೃತ್ತಿನ ಮೇಲೆ ಭಾರ ಹಾಕಬಲ್ಲದು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈಮೇಲೆ ದದ್ದು ಎದ್ದರೆ ಕಷಾಯವನ್ನು ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಜ್ವರ ಅಥವಾ ಕಿಬ್ಬೊಟ್ಟೆ ನೋವು ಬಂದರೂ, ನುಂಗಲು ಕಷ್ಟವಾದರೂ ಕಾಯಬೇಡಿ. ವರ್ಷಕ್ಕೆ ಮೂರು ನಾಲ್ಕು ಬಾರಿ ಸೋಂಕು ಮರುಕಳಿಸುತ್ತಿದ್ದರೆ ಯೀಸ್ಟಿನ ಜಾತಿ ತಿಳಿಯಲು ಕಲ್ಚರ್ ಪರೀಕ್ಷೆ ಮಾಡಿಸಿ. ಕ್ಯಾಂಡಿಡಾ ಗ್ಲಬ್ರಾಟಾದಂಥವು ಫ್ಲುಕೊನಜೋಲ್‌ಗೆ ಸುಲಭವಾಗಿ ಜಗ್ಗುವುದಿಲ್ಲ, ಅವುಗಳಿಗೆ ವೈದ್ಯರು ಬೇರೆ ಔಷಧ ಬರೆಯುತ್ತಾರೆ.