ಹುಲ್ಲುಹಾಸಿಗೆ ಗಾಯವಾಗದಂತೆ ಅಗೆದ ನನ್ನ ಅನುಭವ

ನೆಲದೊಳಗಿನ ಲೋಹವನ್ನು ದನಿಯಿಂದ ತಿಳಿಸುವ ಮೆಟಲ್ ಡಿಟೆಕ್ಟರ್ ಹಿಡಿದು ನಾಣ್ಯ, ಉಂಗುರಗಳಂಥವನ್ನು ಹುಡುಕುವುದು ನನ್ನ ಹವ್ಯಾಸ. ಮೂರು ವಾರಗಳ ಹಿಂದೆ ನಾನು ಸುಮಾರು ನಲವತ್ತು ಕಡೆ ಅಗೆದಿದ್ದ ಹುಲ್ಲುಹಾಸಿನ ಮೇಲೆ ಅದರ ಒಡೆಯರು ನನ್ನ ಜೊತೆಯಲ್ಲೇ ನಡೆದಾಡಿದರು. ತಲೆ ತಗ್ಗಿಸಿ ಹುಡುಕುತ್ತಾ ಹಾಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ಹೋಗಿ ಬಂದು, ಕೊನೆಗೆ "ಅಗೆದದ್ದು ಎಲ್ಲಿ, ನೀವೇ ತೋರಿಸಿ" ಎಂದರು. ಎಂಟು ಹತ್ತು ಜಾಗಗಳನ್ನು ಬಿಟ್ಟರೆ ಉಳಿದವು ನನಗೂ ಸಿಗಲಿಲ್ಲ. ಡಿಟೆಕ್ಟರ್ ಹಿಡಿದವರಿಗೆ ಉತ್ತ ಹೊಲವೇ ಸರಿ, ಹುಲ್ಲುಹಾಸಿನ ಆಸೆ ಬಿಡಬೇಕು ಎಂದು ಈ ಹವ್ಯಾಸದಲ್ಲಿ ನನಗಿಂತ ಹಿರಿಯರಾದವರು ಹೇಳುತ್ತಲೇ ಬಂದಿದ್ದರಿಂದ ಇದನ್ನು ಬರೆಯಬೇಕೆನಿಸಿತು.

ಅವರು ಹಾಗೆ ಹೇಳಲು ಕಾರಣ ಕೊಟ್ಟವನೂ ನಾನೇ. ಮೊದಲ ಸಲ ಒಬ್ಬರು ತಮ್ಮ ಹುಲ್ಲುಹಾಸಿನಲ್ಲಿ ಅಗೆಯಲು ಒಪ್ಪಿಗೆ ಕೊಟ್ಟಾಗ ಬಿರುಬೇಸಿಗೆ. ನಾನು ಪ್ರತಿ ಸಿಗ್ನಲ್ಲಿಗೂ ದುಂಡಗೆ ಸುತ್ತಲೂ ಕತ್ತರಿಸಿ, ಎರಡು ಅಂಗುಲ ದಪ್ಪದ ಹೆಂಟೆಯನ್ನು ಮುಚ್ಚಳದಂತೆ ಎತ್ತಿ, ಕೆಲಸ ಮುಗಿದ ಮೇಲೆ ಹಾಗೆಯೇ ಕೂರಿಸಿ ಬಂದೆ. ಆ ದಿನ ನೋಡಲು ಚೆನ್ನಾಗಿಯೇ ಇತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಬೇರು ಪೂರ್ತಿ ಕಡಿದುಹೋಗಿದ್ದ ಆ ಹೆಂಟೆಗಳೆಲ್ಲ ಕಂದುಬಣ್ಣದ ಬಿಲ್ಲೆಗಳಾಗಿ ಎದ್ದು ಕಂಡವು. ಕೆಲವನ್ನು ಹುಲ್ಲು ಕತ್ತರಿಸುವ ಯಂತ್ರ ಎಳೆದು ಹಾಕಿತು, ಎರಡನ್ನು ನಾಯಿ ಕೆದರಿತು. ಹೊಸ ಹುಲ್ಲು ಹಾಕಿಸಿಕೊಟ್ಟ ಖರ್ಚು, ಅಲ್ಲಿಯವರೆಗೆ ನನಗೆ ಸಿಕ್ಕ ನಾಣ್ಯಗಳೆಲ್ಲದರ ಬೆಲೆಯನ್ನೂ ಮೀರಿತು. ಆ ಒಪ್ಪಿಗೆಯ ಜೊತೆಗೆ ಅಕ್ಕಪಕ್ಕದ ಎರಡು ಜಾಗಗಳ ಒಪ್ಪಿಗೆಯೂ ಕೈತಪ್ಪಿತು.

ಆಮೇಲೆ ಹಣವನ್ನು ಹಾಕಬಾರದ ಕಡೆ ಹಾಕಿದೆ. ದುಬಾರಿ ಡಿಟೆಕ್ಟರ್ ಬಂದರೆ ಗುಂಡಿ ಚಿಕ್ಕದಾಗುತ್ತದೆ ಎಂದು ನಂಬಿ ಹಳೆಯದನ್ನು ಅರ್ಧ ಬೆಲೆಗೆ ಮಾರಿ ಹೊಸದನ್ನು ಕೊಂಡೆ. ಆಳ ಹೆಚ್ಚಿತು, ಗುಂಡಿ ಮಾತ್ರ ಗೇಣಗಲವೇ ಉಳಿಯಿತು. ಅದನ್ನು ಅಂಗೈಯಗಲಕ್ಕೆ ಇಳಿಸಿದ್ದು, ವಸ್ತು ಇರುವ ನಿಖರ ಜಾಗವನ್ನು ಹತ್ತಿರದಿಂದ ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಶೋಧಕವಾದ ಪಿನ್‌ಪಾಯಿಂಟರ್. ಅದರ ಬೆಲೆ ಡಿಟೆಕ್ಟರಿನ ಆರನೆಯ ಒಂದು ಭಾಗದಷ್ಟಿತ್ತು. ಕೈಯಲ್ಲಿ ಹಣ ಕಡಿಮೆಯಿದ್ದರೆ ಸಾಧಾರಣ ಡಿಟೆಕ್ಟರ್ ಇಟ್ಟುಕೊಂಡು ಒಳ್ಳೆಯ ಪಿನ್‌ಪಾಯಿಂಟರ್ ಕೊಳ್ಳಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈಗ ನಾನು ಮಾಡುವುದು ಹೀಗೆ. ಸಿಗ್ನಲ್ ಸಿಕ್ಕ ಮೇಲೆ ತೊಂಬತ್ತು ಡಿಗ್ರಿ ತಿರುಗಿ ನಿಂತು ಮತ್ತೊಮ್ಮೆ ಬೀಸುತ್ತೇನೆ. ಎರಡೂ ಕಡೆಯಿಂದ ಒಂದೇ ದನಿ ಬರದಿದ್ದರೆ ಹುಲ್ಲುಹಾಸಿನಲ್ಲಿ ಅಗೆಯುವುದಿಲ್ಲ. ಡಿಟೆಕ್ಟರಿನ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆಯೇ ಕಾಯಿಲ್; ನನ್ನದು ಡಿಡಿ ಕಾಯಿಲ್ (ಒಳಗೆ D ಆಕಾರದ ಎರಡು ತಂತಿಸುರುಳಿಗಳಿರುವಂಥದ್ದು) ಆದ್ದರಿಂದ ಅದನ್ನು ಚಿಕ್ಕದಾಗಿ ಅಲುಗಿಸುತ್ತಾ ನನ್ನತ್ತ ಎಳೆದುಕೊಳ್ಳುತ್ತೇನೆ. ದನಿ ನಿಂತ ಕ್ಷಣ ಕಾಯಿಲಿನ ಮುಂತುದಿಯ ಬುಡದಲ್ಲೇ ವಸ್ತು ಇರುತ್ತದೆ. ಪಿನ್‌ಪಾಯಿಂಟರ್ ನೆಲದ ಮೇಲಿನಿಂದಲೇ ಕೂಗಿದರೆ ಕತ್ತರಿಸುವ ಅಗತ್ಯವಿಲ್ಲ, ಮೊಂಡು ತುದಿಯ ಸ್ಕ್ರೂಡ್ರೈವರಿನಿಂದ ನೆಲವನ್ನು ಸೀಳಿನಷ್ಟು ಅಗಲಿಸಿ ನಾಣ್ಯವನ್ನು ಮೇಲಕ್ಕೆ ಮೀಟಿದರೆ ಸಾಕು. ಅದಕ್ಕಿಂತ ಆಳವಿದ್ದರೆ ಲಾಳದ ಆಕಾರದಲ್ಲಿ ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೆಯ ಕಡೆಯನ್ನು ಬಾಗಿಲಿನ ಕೀಲಿನಂತೆ ಬಿಡುತ್ತೇನೆ. ಅಲಗು ನೆಟ್ಟಗೆ ಇಳಿಯಬೇಕು, ಹತ್ತು ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು. ಒಳಕ್ಕೆ ವಾಲಿಸಿ ಕತ್ತರಿಸಿದರೆ ಹೆಂಟೆ ಆಲಿಕೆಯ ಆಕಾರಕ್ಕೆ ಬಂದು, ಬೇರಿನ ಬುಡವಿಲ್ಲದೆ ಪುಡಿಯಾಗುತ್ತದೆ. ಹೆಂಟೆಯನ್ನು ಮಗುಚಿದ ಮೇಲೆ ಮೊದಲು ಅದರ ಅಡಿಭಾಗಕ್ಕೇ ಪಿನ್‌ಪಾಯಿಂಟರ್ ಹಿಡಿಯಿರಿ, ಏಕೆಂದರೆ ನನ್ನ ನೆನಪಿನಲ್ಲಿ ಅರ್ಧದಷ್ಟು ವಸ್ತುಗಳು ಗುಂಡಿಯಲ್ಲಿರದೆ ಹೆಂಟೆಯಲ್ಲೇ ಅಂಟಿಕೊಂಡಿದ್ದವು. ಮಣ್ಣೆಲ್ಲವೂ ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲೆ ಬೀಳಬೇಕು. ಬಟ್ಟೆಯ ಒಂದು ಮೂಲೆ ಎತ್ತಿ ಸುರಿದರೆ ಒಂದು ಹಿಡಿ ಮಣ್ಣೂ ಹುಲ್ಲಿನ ನಡುವೆ ಉಳಿಯುವುದಿಲ್ಲ. ಮುಚ್ಚುವ ಮೊದಲು ಗುಂಡಿಯ ಮೇಲೆ ಮತ್ತೊಮ್ಮೆ ಕಾಯಿಲ್ ಬೀಸಿ, ಹೆಂಟೆಯನ್ನು ಮಡಚಿ, ಅಂಗಾಲಿನಿಂದ ಮೆಲ್ಲಗೆ ಒತ್ತಿ, ಬಾಗಿದ ಎಲೆಗಳನ್ನು ಬೆರಳಿನಿಂದ ಬಾಚಿ ನಿಲ್ಲಿಸುತ್ತೇನೆ. ಕೊನೆಗೆ ಅರ್ಧ ಲೀಟರಿನಷ್ಟು ನೀರು. ಕೀಲನ್ನು ಯಾವ ಕಡೆ ಬಿಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ; ಅದನ್ನು ಕಂಡುಕೊಳ್ಳಲು ನನಗೆ ಒಂದು ಇಡೀ ವರ್ಷ ಹಿಡಿಯಿತು.

ಇದಕ್ಕೆ ಮೊದಲು ನನ್ನ ಮನೆಯ ಹಿತ್ತಿಲಿನಲ್ಲಿ ಹನ್ನೆರಡು ಹೆಂಟೆಗಳನ್ನು ಕತ್ತರಿಸಿ ನೋಡಿದ್ದೆ: ನಾಲ್ಕು ದುಂಡಗೆ, ನಾಲ್ಕು ಚೌಕವಾಗಿ, ನಾಲ್ಕು ಲಾಳದಂತೆ, ಪ್ರತಿಯೊಂದರಲ್ಲೂ ಎರಡಕ್ಕೆ ನೀರು, ಎರಡಕ್ಕೆ ಇಲ್ಲ. ಒಂದು ತಿಂಗಳಿಗೆ ನೀರಿಲ್ಲದ ದುಂಡನೆಯವು ಎರಡೂ ಸತ್ತವು, ನೀರು ಕಂಡ ಲಾಳಗಳು ಎರಡೂ ಗುರುತೇ ಇಲ್ಲದಂತೆ ಬೆಳೆದವು, ಉಳಿದವು ನಡುನಡುವೆ ಇದ್ದವು. ಅದೇ ಹಿತ್ತಿಲಿನಲ್ಲಿ ನಾಣ್ಯಗಳನ್ನು ಬೇರೆ ಬೇರೆ ಆಳಕ್ಕೆ ಹೂತು ಕೇಳಿದ್ದೂ ಉಂಟು. ಹದಿನೈದು ಸೆಂಟಿಮೀಟರಿನಲ್ಲಿ ಮಲಗಿದ ನಾಣ್ಯ ಸ್ಪಷ್ಟವಾಗಿ ದನಿ ಕೊಟ್ಟರೆ, ಅಷ್ಟೇ ಆಳದಲ್ಲಿ ಅಂಚಿನ ಮೇಲೆ ನಿಲ್ಲಿಸಿದ ಅದೇ ನಾಣ್ಯ ಹೆಚ್ಚುಕಡಿಮೆ ಕೇಳಿಸಲೇ ಇಲ್ಲ.

ಒಪ್ಪಿಗೆ ಕೇಳುವ ರೀತಿಯನ್ನೂ ಬದಲಿಸಿದೆ. ಜೇಬಿನಿಂದ ನಾಣ್ಯವೊಂದನ್ನು ತೆಗೆದು, ಹಾಸಿನ ಒಂದು ಮೂಲೆಯಲ್ಲಿ ಒಡೆಯರ ಕಣ್ಣೆದುರೇ ಹೂತು, ಅದನ್ನು ತೆಗೆದು ಮುಚ್ಚಿ, ಒಂದು ವಾರ ಬಿಟ್ಟು ನೋಡಿ ಹೇಳಿ ಎಂದು ಬರುತ್ತೇನೆ. ಹೀಗೆ ಕೇಳಿದ ಒಂಬತ್ತು ಜನರಲ್ಲಿ ಏಳು ಮಂದಿ ಒಪ್ಪಿದ್ದಾರೆ. ನೀರಿನ ಕೊಳವೆ, ವಿದ್ಯುತ್ ತಂತಿ ಎಲ್ಲಿ ಹಾಯ್ದಿವೆ, ಸಿಕ್ಕಿದ್ದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತೇವೆ. ಸಂರಕ್ಷಿತ ಸ್ಮಾರಕಗಳ ಆವರಣಕ್ಕೆ ನಾನು ಡಿಟೆಕ್ಟರ್ ಒಯ್ಯುವುದೇ ಇಲ್ಲ.

ಆ ನಲವತ್ತು ಗುಂಡಿಗಳಲ್ಲಿ ಹದಿನೈದಕ್ಕೂ ಹೆಚ್ಚು ಕಡೆ ಸಿಕ್ಕಿದ್ದು ಪಾನೀಯದ ಡಬ್ಬಿಯನ್ನು ತೆರೆಯಲು ಎಳೆಯುವ ಅಲ್ಯೂಮಿನಿಯಂ ಕೊಂಡಿ. ಲೋಹವನ್ನು ಊಹಿಸಲು ಡಿಟೆಕ್ಟರ್ ಪರದೆಯ ಮೇಲೆ ತೋರಿಸುವ ಸಂಖ್ಯೆಗಳಲ್ಲಿ ತೆಳುವಾದ ಚಿನ್ನವೂ ಇವುಗಳ ಆಸುಪಾಸಿನಲ್ಲೇ ತೋರುವುದರಿಂದ ಅವನ್ನು ಬಿಟ್ಟು ಮುಂದೆ ಹೋಗಲು ನನಗೆ ಧೈರ್ಯವಾಗುವುದಿಲ್ಲ. ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಗುಂಡಿಯಲ್ಲಿ ಹೆಂಟೆ ಮಗುಚಿದಾಗ, ಅದರ ಅಡಿಯಲ್ಲಿ ಒಂದು ಸಣ್ಣ ಉಂಗುರವಿತ್ತು. ದಾರದಂಥ ಬಿಳಿಯ ಬೇರುಗಳು ಐದಾರು ಅದರ ನಡುವಿನಿಂದ ಹಾದು ಕೆಳಗಿಳಿದಿದ್ದವು. ಬೇರುಗಳನ್ನು ಕಡಿಯದೆ ಒಂದೊಂದಾಗಿ ಬಿಡಿಸಿ ತೆಗೆಯಲು ಕಾಲು ಗಂಟೆ ಹಿಡಿಯಿತು. ಒಡೆಯರ ಮನೆಯವರು ಅದನ್ನು ಕಂಡೊಡನೆ ಗುರುತಿಸಿದರು. ಮನೆಯ ಹಿಂದಿನ ಹಾಸನ್ನೂ ನೋಡಿ ಎಂದು ಅವರೇ ಹೇಳಿದ್ದಾರೆ. ನೆಲದಲ್ಲಿ ತೇವ ಇರುವಷ್ಟು ದಿನ ಅಲ್ಲಿಯೇ ಇರುತ್ತೇನೆ.