ಗೂಡಿನ ಮಾರುಕಟ್ಟೆಯಿಂದ ಗುವಾಂಗ್ಸಿಗೆ: ಬಿ.ಎ.ಯಲ್ಲಿ ನಾನು ಜಗತ್ತನ್ನು ಓದಿದ್ದು

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ನಾನಾಗ ಐದನೇ ತರಗತಿ. ಸುಂಕ ಅಂದರೇನು ಅಂತಲೂ ಗೊತ್ತಿರಲಿಲ್ಲ. ಅಪ್ಪ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದವರು ಊಟಕ್ಕೂ ಕೂರದೆ ಜಗಲಿಯ ಮೇಲೆ ಮಲಗಿಬಿಟ್ಟರು. "ಚೀನಾ ನೂಲು ಬಂತಂತೆ, ಗೂಡು ಕೇಳೋರಿಲ್ಲ" ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು. ಎಲ್ಲೋ ಇರುವ ಚೀನಾಕ್ಕೂ ಅಪ್ಪ ಊಟ ಬಿಟ್ಟಿದ್ದಕ್ಕೂ ಏನು ಸಂಬಂಧ? ಮುಂದೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ.ಗೆ ಸೇರಿದಾಗ ಆ ಪ್ರಶ್ನೆ ನನ್ನ ಜೊತೆಯಲ್ಲೇ ಬಂತು.

ಮೊದಲ ವರ್ಷ ಬರೀ ಬಾಯಿಪಾಠ. ಶಕ್ತಿ ಸಮತೋಲನ, ಸಾರ್ವಭೌಮತೆ, ರಾಷ್ಟ್ರೀಯ ಹಿತಾಸಕ್ತಿ: ವ್ಯಾಖ್ಯೆ ಬರೆದೆ, ಅಂಕವೂ ಬಂತು, ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತೂ ಹೋಯಿತು. ಎರಡನೇ ವರ್ಷ ಒಂದು ದಿನ ಮೇಷ್ಟ್ರು ರಾಷ್ಟ್ರೀಯ ಹಿತಾಸಕ್ತಿಗೆ ಉದಾಹರಣೆ ಕೇಳಿದರು. ನಾನು ಎದ್ದು ನಿಂತು, ಚೀನಾ ರೇಷ್ಮೆಗೆ ಸುಂಕ ಹೆಚ್ಚಿಸುವುದೇ ನಮ್ಮ ರಾಷ್ಟ್ರೀಯ ಹಿತಾಸಕ್ತಿ ಅಂದೆ. ಅವರು ಗದರಲಿಲ್ಲ. "ಆ ನೂಲು ಕೊಂಡು ನೇಯೋ ವಾರಾಣಸಿ ನೇಕಾರನೂ ಈ ದೇಶದವನೇ ಅಲ್ವೇನಮ್ಮಾ? ಅವನನ್ನ ಕೇಳಿದೀಯಾ?" ಅಂದರು.

ವಾರಾಣಸಿಗೆ ಹೋಗುವುದು ಆಗದ ಮಾತು. ಅಪ್ಪನ ಗೂಡು ಕೊಂಡು ನೂಲು ತೆಗೆಯುತ್ತಿದ್ದ ರೀಲರ್ ಒಬ್ಬರ ಮನೆಗೆ ಹೋದೆ. ಅವರ ಹಿರಿಯರು ಚರಕದಲ್ಲಿ ನೂಲು ತೆಗೆದವರು. ಬಿಸಿನೀರಿನ ಬಟ್ಟಲ ಮುಂದೆ ಕೂತು ಕೈಬೆರಳೆಲ್ಲ ಬಿಳಿಚಿಕೊಂಡು ಸುಕ್ಕಾಗಿದ್ದ ಹೆಂಗಸರನ್ನು ಅವತ್ತೇ ನಾನು ಹತ್ತಿರದಿಂದ ನೋಡಿದ್ದು. ಹತ್ತು ಮೈಲಿ ದೂರದಲ್ಲಿ ಹುಟ್ಟಿ ಬೆಳೆದರೂ ಗೂಡು ಮಾರಿದ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಎರಡು ನೂಲು ಕೈಯಲ್ಲಿಟ್ಟರು. "ಇದು ನಮ್ಮ ಮಿಶ್ರತಳಿ ಗೂಡಿಂದು, ಇದು ಬೈವೋಲ್ಟೈನ್. ಪವರ್‌ಲೂಮ್‌ಗೆ ಹಾಕಿದ್ರೆ ಮೊದಲನೇದು ಪಟಪಟ ಹರಿಯುತ್ತೆ. ನೇಯೋನು ಒಂದೇ ಸಮ ಇರೋ ನೂಲು ಕೇಳ್ತಾನಮ್ಮಾ, ಅದು ಯಾವ ದೇಶದ್ದು ಅಂತ ಕೇಳಲ್ಲ." ಬೈವೋಲ್ಟೈನ್ ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ತಳಿ; ಅದರ ಗೂಡಿನ ಎಳೆ ಸಾವಿರ ಮೀಟರಿಗೂ ಮೀರಿ ಬರುತ್ತದೆ, ನಮ್ಮ ಮಿಶ್ರತಳಿಯದು ಅಷ್ಟು ಬರುವುದಿಲ್ಲ. ಊರಿಗೆ ಬರುತ್ತಿದ್ದ ಹೊಸ ಸ್ವಯಂಚಾಲಿತ ಯಂತ್ರಗಳೂ ಚೀನಾದವೇ.

ಅವತ್ತಿನಿಂದ ನನ್ನ ಓದುವ ಕ್ರಮವೇ ಬದಲಾಯಿತು. ಪಠ್ಯದಲ್ಲಿ ಯಾವ ಪರಿಕಲ್ಪನೆ ಬಂದರೂ ರೇಷ್ಮೆಯ ಎಳೆ ಹಿಡಿದೇ ಒಳಗೆ ಹೋಗುತ್ತಿದ್ದೆ. ವಿದೇಶಿ ನೆರವಿನ ಪಾಠ ಬಂದಾಗ ನಮ್ಮ ಹುಳುಮನೆಯೇ ಉದಾಹರಣೆ: 1991ರಲ್ಲಿ ಜಪಾನಿನ ಸಹಕಾರದ ಬೈವೋಲ್ಟೈನ್ ಯೋಜನೆ ಕರ್ನಾಟಕದಲ್ಲಿ ಶುರುವಾಯಿತು. ನಾವು ಮೇಯಿಸುವ ಸಿಎಸ್‌ಆರ್ ತಳಿಗಳು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಆ ಕಾಲದಲ್ಲೇ ರೂಪುಗೊಂಡವು. ಹಿಂದಕ್ಕೆ ಹೋದರೆ ಜಪಾನೂ ಹೊರಗಿನಿಂದ ಕಲಿತದ್ದೇ. 1872ರಲ್ಲಿ ತೊಮಿಯೊಕದಲ್ಲಿ ಅಲ್ಲಿನ ಸರ್ಕಾರ ನೂಲು ತೆಗೆಯುವ ಕಾರ್ಖಾನೆ ಕಟ್ಟಿದಾಗ ಯಂತ್ರಗಳೂ ಪರಿಣತರೂ ಬಂದದ್ದು ಫ್ರಾನ್ಸಿನಿಂದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಚೀನಾದ ಕಡೆಯಿಂದ ನೋಡೋಣ ಅಂದುಕೊಂಡೆ. ಚೀನಾ ಎಂದರೆ ಒಂದೇ ದೊಡ್ಡ ಕಾರ್ಖಾನೆ ಎಂಬ ಚಿತ್ರ ತಲೆಯಲ್ಲಿತ್ತು. ಓದುತ್ತಾ ಹೋದಂತೆ ಅಲ್ಲೊಬ್ಬ ರೈತ ಕಾಣಿಸಿದ. ರೇಷ್ಮೆಗೆ ಹೆಸರಾದ ಝೆಜಿಯಾಂಗ್, ಜಿಯಾಂಗ್ಸು ಪ್ರಾಂತ್ಯಗಳಲ್ಲಿ ಕೈಗಾರಿಕೆ ಬೆಳೆದು ಭೂಮಿ, ಕೂಲಿ ದುಬಾರಿಯಾದವು. ಹಿಪ್ಪುನೇರಳೆ ತೋಟ ಅಲ್ಲಿಂದ ಸರಿದು ದಕ್ಷಿಣದ ಗುವಾಂಗ್ಸಿಗೆ ಹೋಯಿತು. ಈಗ ಆ ದೇಶದಲ್ಲಿ ಅತಿ ಹೆಚ್ಚು ಗೂಡು ಬೆಳೆಯುವುದು ಗುವಾಂಗ್ಸಿಯಲ್ಲೇ. ಇದನ್ನು ಓದಿದ ರಾತ್ರಿ ದೇವನಹಳ್ಳಿಯ ನಮ್ಮ ಸೋದರಮಾವ ನೆನಪಾದರು. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಅವರ ಸುತ್ತಮುತ್ತ ಹಿಪ್ಪುನೇರಳೆ ಸೊಪ್ಪಿನ ತೋಟಗಳು ಒಂದೊಂದಾಗಿ ಸೈಟುಗಳಾದವು. ನಮ್ಮ ಅಪ್ಪನ ಎದುರಾಳಿ ಎಂದು ನಾನು ತಿಳಿದಿದ್ದ ಮನುಷ್ಯ ಮಾವನ ಪಾಡನ್ನೇ ಪಟ್ಟಿದ್ದ.

ಸಂಸ್ಕೃತಿಯ ಓದು ನನಗೆ ದಕ್ಕಿದ್ದು ಪದಗಳಿಂದ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತೇವೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಚೀನೀ, ಜಪಾನಿ ಭಾಷೆಗಳಲ್ಲಿ ಅದೇ ಸ್ಥಿತಿಗೆ ಹೆಸರು ನಿದ್ದೆ. ಒಬ್ಬರಿಗೆ ಕಾಯಿಲೆಯಾಗಿ ಕಂಡದ್ದು ಇನ್ನೊಬ್ಬರಿಗೆ ವಿಶ್ರಾಂತಿಯಾಗಿ ಕಂಡಿದೆ. ಜಪಾನಿನ ಹಳ್ಳಿಗಳಲ್ಲಿ ಹುಳುವನ್ನು 'ಒಕಾಯಿಕೋಸಾನ್' ಎಂದು ಬಹುವಚನ ಕೊಟ್ಟು ಕರೆಯುತ್ತಿದ್ದರಂತೆ. ಇದನ್ನು ಹೇಳಿದಾಗ ಅಮ್ಮ, "ಮತ್ತೆ? ಮನೆ ನಡೆಸೋದು ಅವೇ ಅಲ್ವಾ" ಅಂದಳು. ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ, ನಾವು ದಿನಾ ಬೈಯುವ ಊಜಿ ನೊಣದ 'ಊಜಿ'ಯೂ ಜಪಾನಿ ಪದವೇ, ಹುಳ ಎಂಬ ಅರ್ಥದ್ದು.

2020ರ ಜೂನ್‌ನಲ್ಲಿ ಚೀನಾ ಗಡಿಯ ಗಲ್ವಾನ್ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕೋಪ ಹೊತ್ತಿ ಉರಿಯುತ್ತಿತ್ತು, ನನಗೂ ಇತ್ತು. ಎರಡೂ ದೇಶಗಳ ವಿದೇಶಾಂಗ ಇಲಾಖೆಗಳ ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದನ್ನು ಕಲಿತದ್ದು ಆ ದಿನಗಳಲ್ಲಿ. ತಮ್ಮ ಕಡೆ ನಾಲ್ವರು ಸತ್ತರು ಎಂದು ಚೀನಾ ಒಪ್ಪಿಕೊಂಡದ್ದು 2021ರ ಫೆಬ್ರುವರಿಯಲ್ಲಿ. ಒಂದು ಸರ್ಕಾರ ಏನು ಹೇಳುತ್ತದೆ ಎಂಬುದರಷ್ಟೇ ಯಾವಾಗ ಹೇಳುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಈ ವಿಷಯ ಓದಲು ಹೊರಟಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಮನೆಯ ಒಂದು ವಸ್ತು ಹಿಡಿಯಿರಿ. ಕೋಲಾರದವರಿಗೆ ಟೊಮೆಟೊ ಇದೆ, ಕೆಜಿಎಫ್‌ನವರಿಗೆ ಬ್ರಿಟಿಷ್ ಕಂಪನಿ ತೆಗೆಸಿದ ಚಿನ್ನ ಇದೆ, ತಿಪಟೂರಿನವರಿಗೆ ಕೊಬ್ಬರಿ ಇದೆ. ಇಂಗ್ಲಿಷ್ ಪುಸ್ತಕ ಕಷ್ಟವಾದರೆ ದಿನಕ್ಕೆ ಎರಡೇ ಪುಟ ಓದಿ, ಓದಿದ್ದನ್ನು ಮನೆಯವರಿಗೆ ಅರ್ಥವಾಗುವಂತೆ ಕನ್ನಡದಲ್ಲೋ, ನಮ್ಮ ಮನೆಯಂತೆ ತೆಲುಗಿನಲ್ಲೋ ಹೇಳಿ. ಹೇಳಲು ತಡವರಿಸಿದ ಜಾಗದಲ್ಲಿ ನನಗೇ ಅರ್ಥವಾಗಿಲ್ಲ ಅಂತ ಗೊತ್ತಾಗುತ್ತಿತ್ತು.

ನನ್ನ ಪ್ರಾಜೆಕ್ಟಿನಲ್ಲಿ ಒಂದು ಕೊರತೆ ಉಳಿದಿದೆ. ಗುವಾಂಗ್ಸಿಯ ರೈತನ ಬಗ್ಗೆ ನಾನು ಬರೆದದ್ದೆಲ್ಲ ಇಂಗ್ಲಿಷ್‌ನಲ್ಲಿ ಬೇರೆಯವರು ಬರೆದದ್ದರಿಂದ ತೆಗೆದದ್ದು. ಅಲ್ಲಿಯವರ ಒಂದು ಮಾತನ್ನೂ ನಾನು ಕೇಳಿಲ್ಲ. ಅದಕ್ಕೇ ಈಗ ಚೀನೀ ಭಾಷೆ ಕಲಿಯುತ್ತಿದ್ದೇನೆ, ನಿಧಾನವಾಗಿ. ಮೊದಲು ಏನು ಕೇಳಬೇಕೆಂದು ಅಮ್ಮ ಆಗಲೇ ಹೇಳಿಟ್ಟಿದ್ದಾಳೆ: ಮಳೆ ಹಿಡಿದಾಗ ಒದ್ದೆ ಸೊಪ್ಪನ್ನ ಅವರು ಏನು ಮಾಡ್ತಾರೆ?