ಮಳೆಗಾಲದ ಚಾರಣಕ್ಕೆ ಜಾಕೆಟ್: ಕಡಿಮೆ ದುಡ್ಡಿನಲ್ಲಿ ಆರಿಸುವುದು ಹೇಗೆ?

ಪುಷ್ಯ ಮಳೆ ಹಿಡಿದ ದಿನಗಳಲ್ಲಿ ಕುದುರೆಮುಖದ ಹುಲ್ಲುಗುಡ್ಡ ಹತ್ತುವವರಿಗೆ ಮಳೆ ಗಾಳಿಯ ಜೊತೆ ಅಡ್ಡಡ್ಡವಾಗಿ ಬಂದು ಬಡಿಯುತ್ತದೆ. ಕೊಡೆ ನಿಲ್ಲುವುದಿಲ್ಲ. 1,894 ಮೀಟರ್ ಎತ್ತರದಲ್ಲಿ ಒದ್ದೆ ಮೈಗೆ ಆ ಗಾಳಿ ತಾಗಿದರೆ ನಡುಕ ಶುರುವಾಗಲು ಹೆಚ್ಚು ಹೊತ್ತು ಬೇಡ. ಅಲ್ಲಿಗೆ ಒಳ್ಳೆಯ ಜಾಕೆಟ್ ಬೇಕೇ ಬೇಕು, ದುಬಾರಿಯದ್ದೇ ಆಗಬೇಕೆಂದಿಲ್ಲ.

ಮೊದಲು ಹೊಲಿಗೆ ನೋಡಿ. ಅಂಗಡಿಯಲ್ಲೇ ಜಾಕೆಟ್‌ನ ಒಳಮಗ್ಗುಲು ಹೊರಗೆ ತಿರುಗಿಸಿ. ಬಟ್ಟೆ ಎಷ್ಟೇ ಗಟ್ಟಿಯಿರಲಿ, ಸೂಜಿ ಚುಚ್ಚಿದ ತೂತುಗಳಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿರಬೇಕು. ಕೆಲವು ಅಗ್ಗದ ಜಾಕೆಟ್‌ಗಳಲ್ಲಿ ಭುಜಕ್ಕೆ ಮಾತ್ರ ಟೇಪ್ ಇರುತ್ತದೆ. ಕಂಕುಳು, ಹುಡ್ ಸೇರುವ ಜಾಗ ಹಾಗೇ ಬಿಟ್ಟಿರುತ್ತಾರೆ. ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ತಡವಿ. ಹೊಸದರಲ್ಲೇ ಏಳುತ್ತಿದ್ದರೆ ಅದು ಬೇಡ.

ಆಮೇಲೆ ಲೇಬಲ್. ಅಲ್ಲಿ 2,000, 5,000, 10,000 ಮಿ.ಮೀ. ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರು ನಿಂತರೂ ತಡೆಯುತ್ತದೆ ಎಂಬ ಲೆಕ್ಕ ಅದು. ತುಂತುರಿಗೆ 2,000 ಸಾಕು. ಬೆನ್ನಿಗೆ ಭಾರದ ಬ್ಯಾಗ್ ಇದ್ದಾಗ ಪಟ್ಟಿ ಭುಜವನ್ನು ಒತ್ತಿ ನೀರನ್ನು ಒಳಕ್ಕೆ ತಳ್ಳುವುದರಿಂದ ಮಲೆನಾಡಿನ ಮಳೆಗೆ 5,000ಕ್ಕಿಂತ ಕಡಿಮೆಯದ್ದು ತೆಗೆದುಕೊಳ್ಳಬೇಡಿ.

ಜಾಕೆಟ್ ಬೆವರನ್ನು ಆವಿಯಾಗಿ ಹೊರಗೆ ಬಿಡುತ್ತದೆ ಎಂಬ ಮಾತಿಗೆ ಮಾತ್ರ ಹೆಚ್ಚು ದುಡ್ಡು ಸುರಿಯಬೇಡಿ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಜುಲೈ ತಿಂಗಳ ಆಗುಂಬೆಯಲ್ಲಿ, ಕೊಡಚಾದ್ರಿಯಲ್ಲಿ ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಎಂಥ ದುಬಾರಿ ಬಟ್ಟೆಯೂ ಅಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡೀತು. ಅದರ ಬದಲು ಕಂಕುಳಲ್ಲಿ ಝಿಪ್ ಇರುವ ಜಾಕೆಟ್ ಹುಡುಕಿ. ಏರು ಹತ್ತುವಾಗ ತೆರೆದುಕೊಂಡರೆ ಗಾಳಿ ನೇರವಾಗಿ ಆಡುತ್ತದೆ. ನನ್ನ ಮಟ್ಟಿಗೆ, ಈ ಝಿಪ್‌ಗೆ ಕೊಡುವ ದುಡ್ಡು ಬ್ರ್ಯಾಂಡ್ ಹೆಸರಿಗೆ ಕೊಡುವುದಕ್ಕಿಂತ ಎಷ್ಟೋ ಸಾರ್ಥಕ. ಪೂರ್ತಿ ಪ್ಲಾಸ್ಟಿಕ್ಕಿನ ಬೈಕ್ ರೇನ್‌ಕೋಟ್ ಏರಿಗೆ ಬೇಡ. ಅದರೊಳಗೆ ಬೆವರಿಗೇ ನೆನೆಯುತ್ತೀರಿ.

ಹಾಕಿಕೊಂಡು ನೋಡುವಾಗ ಒಳಗೊಂದು ಬೆಚ್ಚನೆಯ ಅಂಗಿ ಇರಲಿ. ಕೈ ಮೇಲೆತ್ತಿದಾಗ ಸೊಂಟ ಕಾಣಬಾರದು. ಹುಡ್ ಏರಿಸಿ, ದಾರ ಬಿಗಿದು ತಲೆಯನ್ನು ಎಡಬಲಕ್ಕೆ ತಿರುಗಿಸಿ. ಹುಡ್ ತಲೆಯ ಜೊತೆ ತಿರುಗದೆ ಕಣ್ಣಿಗೆ ಅಡ್ಡ ಬಂದರೆ ಜಾರುವ ಇಳಿಜಾರಿನಲ್ಲಿ ಅಪಾಯ. ಮುಂದೆ ಸಣ್ಣ ಚಾಚು ಇದ್ದರೆ ಕನ್ನಡಕದವರಿಗೆ ಅನುಕೂಲ. ಬಣ್ಣ ಕೆಂಪೋ ಹಳದಿಯೋ ಇರಲಿ, ಮಂಜಿನಲ್ಲಿ ಜೊತೆಯವರಿಗೆ ಕಾಣುತ್ತೀರಿ.

ಮನೆಗೆ ತಂದ ದಿನವೇ, ಬದಲಾಯಿಸುವ ಅವಧಿ ಮುಗಿಯುವ ಮೊದಲು, ತೊಟ್ಟುಕೊಂಡು ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಒಳಗೆ ತಿಳಿಬಣ್ಣದ ಹತ್ತಿ ಅಂಗಿ ಇದ್ದರೆ ನೀರು ಎಲ್ಲಿ ಇಳಿಯಿತೆಂದು ಕಲೆಯೇ ತೋರಿಸುತ್ತದೆ. ಚಾರಣಕ್ಕೆ ಮಾತ್ರ ಹತ್ತಿ ಅಂಗಿ ಬೇಡ, ಬೇಗ ಒಣಗುವುದಿಲ್ಲ.

ಟೆಂಟ್‌ನಲ್ಲಿ ರಾತ್ರಿ ತಂಗುವವರು ಒಣಬಟ್ಟೆಯ ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬ್ಯಾಗಿನ ಒಳಗಿಡಿ. ವಾಪಸು ಬಂದ ಮೇಲೆ ಜಾಕೆಟ್ಟನ್ನು ಒದ್ದೆಯಾಗಿಯೇ ಮಡಚಿಡಬೇಡಿ, ಒಳಲೇಪ ಸಿಪ್ಪೆಯೇಳುತ್ತದೆ. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕದೆ, ನೆರಳಲ್ಲಿ ಒಣಗಿಸಿ, ಹ್ಯಾಂಗರ್‌ಗೆ ತೂಗುಹಾಕಿ.